ಥರ್ಮಲ್ ಗನ್ ಗೇಟಿನಲ್ಲಿ, ವೈರಸ್ ಮೆಸ್ಸಿನಲ್ಲಿ

2020ರ ನವೆಂಬರ್ 17ರಂದು ಕೋವಿಡ್ ಕಾರಣಕ್ಕೆ ಮುಚ್ಚಿದ್ದ ಕರ್ನಾಟಕದ ಪದವಿ, ಡಿಪ್ಲೊಮಾ, ಎಂಜಿನಿಯರಿಂಗ್ ಕಾಲೇಜುಗಳು ಎಂಟು ತಿಂಗಳ ಬಳಿಕ ಬಾಗಿಲು ತೆರೆದಾಗ ಒಳಗೆ ಕಾಲಿಡಲು ಎರಡು ಕಾಗದ ಬೇಕಿತ್ತು. ಒಂದು, 72 ಗಂಟೆಯೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ. ಇನ್ನೊಂದು, ಅಪ್ಪ-ಅಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ. ಎರಡನೆಯದಕ್ಕೆ ಹೆದರುವವರು ವಕೀಲರೇ ಹೊರತು ವೈರಸ್ ಅಲ್ಲ. ಇವೆರಡನ್ನೂ ತೋರಿಸಿದ ಮೇಲೆ ಸೆಕ್ಯುರಿಟಿಯವರು ಹಣೆಗೆ ಥರ್ಮಲ್ ಗನ್ ಹಿಡಿಯುತ್ತಿದ್ದರು, ಕಾಲಲ್ಲಿ ಒತ್ತುವ ಸ್ಟ್ಯಾಂಡಿನಿಂದ ಸ್ಯಾನಿಟೈಸರ್ ಬೀಳುತ್ತಿತ್ತು, ಅಲ್ಲಿಗೆ ಒಳಗೆ ಪ್ರವೇಶ.

ಆ ಗನ್ ಅಳೆಯುವುದು ಮೈಯೊಳಗಿನ ಜ್ವರವನ್ನಲ್ಲ, ಹಣೆಯ ಚರ್ಮದಿಂದ ಹೊರಡುವ ಅವಕೆಂಪು ಕಿರಣವನ್ನು. ಬಸ್ ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದವರ ಹಣೆ ಸುಮ್ಮನೆ ಬಿಸಿ ತೋರಿಸುತ್ತದೆ. ಎಸಿ ಬಸ್ಸಿನಿಂದ ಇಳಿದವರದ್ದು, ಬೆವರಿದವರದ್ದು ತಣ್ಣಗಿರುತ್ತದೆ. ಒಂದು ಪ್ಯಾರಸಿಟಮಾಲ್ ನುಂಗಿದರೆ ನಾಲ್ಕೈದು ಗಂಟೆ ಜ್ವರ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ: ಕೋವಿಡ್ ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಒಂದೆರಡು ದಿನ ಮೊದಲೇ ಹರಡಲು ಶುರುವಾಗುತ್ತದೆ, ಮತ್ತು ಇಪ್ಪತ್ತರ ವಯಸ್ಸಿನ ಅನೇಕರಿಗೆ ಜ್ವರ ಬರುವುದೇ ಇಲ್ಲ. ಗೇಟಿನಲ್ಲಿ ಗನ್ ಹಿಡಿದು ನಿಂತವರು ಕಾಯುತ್ತಿದ್ದದ್ದು ಆ ದಾರಿಯಲ್ಲಿ ಬಾರದ ಕಳ್ಳನನ್ನು.

72 ಗಂಟೆಯ ವರದಿಯ ತೊಡಕು ಇನ್ನೂ ಸೂಕ್ಷ್ಮ. ಮೂಲ ತಳಿಯ ವೈರಸ್ ದೇಹ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸರಾಸರಿ ಐದು ದಿನ. ಆ ಐದು ದಿನಗಳಲ್ಲಿ ಪರೀಕ್ಷೆ ಎಷ್ಟು ತಪ್ಪುತ್ತದೆ ಎಂದು 2020ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದರು. ಲಕ್ಷಣ ಕಾಣುವ ಹಿಂದಿನ ದಿನ ಪರೀಕ್ಷಿಸಿದರೆ ಸೋಂಕಿತರಲ್ಲಿ 67% ಮಂದಿಗೆ ನೆಗೆಟಿವ್ ಬರುತ್ತದೆ, ಲಕ್ಷಣ ಬಂದ ದಿನ 38%, ಅದರ ಮೂರು ದಿನಕ್ಕೆ 20%. ಕಲಬುರಗಿಯಲ್ಲಿ ಗುರುವಾರ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಶನಿವಾರ ರಾತ್ರಿ ಸ್ಲೀಪರ್ ಬಸ್ ಹತ್ತಿ, ಭಾನುವಾರ ಬೆಂಗಳೂರಿನ ಹಾಸ್ಟೆಲ್ ಸೇರುವ ಹುಡುಗಿಯ ಕೈಯಲ್ಲಿರುವ ಕಾಗದಕ್ಕೆ ಬುಧವಾರ ತಗುಲಿದ ಸೋಂಕೂ ಗೊತ್ತಿಲ್ಲ, ಬಸ್ಸಿನಲ್ಲಿ ತಗುಲಿದ್ದೂ ಗೊತ್ತಿಲ್ಲ. ಹಾಗಾಗಿ ಉಪಯೋಗಕ್ಕೆ ಬರುವ ಕ್ರಮ ಎಂದರೆ ಬಂದ ದಿನ ಒಂದು ಪರೀಕ್ಷೆ, ಐದರಿಂದ ಏಳನೇ ದಿನಕ್ಕೆ ಇನ್ನೊಂದು, ನಡುವೆ ಹೊಸಬರೊಂದಿಗೆ ಕೂತು ಊಟ ಮಾಡದಿರುವುದು. 2020ರ ನವೆಂಬರ್‌ನ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾರ್ಗಸೂಚಿ ಇದನ್ನು ಬೇರೆ ದಾರಿಯಿಂದ ಹೇಳಿತ್ತು: ವರದಿ ನೆಗೆಟಿವ್ ಇದ್ದರೂ ಹಾಸ್ಟೆಲಿಗರು 14 ದಿನ ಕ್ವಾರಂಟೈನ್‌ನಲ್ಲಿರಬೇಕು, ರೂಮು ಹಂಚಿಕೊಳ್ಳಬಾರದು, ಕ್ಯಾಂಪಸ್ಸಿನಲ್ಲಿ ಒಂದು ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಇರಬಾರದು. ಕಾಗದದ ಮೇಲೆ ಸರಿಯೇ. ಆದರೆ ಮೂವರ ರೂಮಿಗೆ ಮೂವರ ಫೀಸು ಕಟ್ಟಿಸಿಕೊಂಡ ಹಾಸ್ಟೆಲುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೂಮು ಎಲ್ಲಿಂದ ತರುವುದು?

ಹಾಗಾದರೆ ಸೋಂಕು ಹರಡಿದ್ದೆಲ್ಲಿ? 2020ರ ಡಿಸೆಂಬರ್‌ನಲ್ಲಿ ಐಐಟಿ ಮದ್ರಾಸ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಸೋಂಕು ಬಂದಾಗ ಎಲ್ಲರ ಬೆರಳು ತೋರಿದ್ದು ತೆರೆದಿದ್ದ ಒಂದೇ ಒಂದು ಮೆಸ್ಸಿನ ಕಡೆಗೆ. 2021ರ ನವೆಂಬರ್‌ನಲ್ಲಿ ಧಾರವಾಡದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಹೊಸಬರ ಸ್ವಾಗತ ಸಮಾರಂಭದ ಬಳಿಕ ಮೊದಲು ಸಿಕ್ಕ 66 ಪ್ರಕರಣ ಕೆಲವೇ ದಿನಗಳಲ್ಲಿ 281 ಆಯಿತು. ಅವರಲ್ಲಿ ಬಹುಪಾಲು ಎರಡೂ ಡೋಸ್ ಲಸಿಕೆ ಪಡೆದವರು. ಲಸಿಕೆಯಿಂದಾಗಿ ಕಾಯಿಲೆ ಬಹುತೇಕ ಸೌಮ್ಯವಾಗಿತ್ತು, ಆದರೆ ಹರಡುವುದು ನಿಲ್ಲಲಿಲ್ಲ. ಮೆಸ್ಸು, ಸಮಾರಂಭ, ರೂಮು, ಸಾಲು ಬಚ್ಚಲು: ಎಲ್ಲವೂ ಮಾಸ್ಕ್ ಕೆಳಗಿಳಿಯುವ ಜಾಗಗಳು. ಕಾಲೇಜಿನ ಯಾವುದೇ ನಿಯಮವನ್ನು ತೂಗುವಾಗ ಕೇಳಬೇಕಾದ್ದು ಇಷ್ಟೆ: ಇದು ಮಾಸ್ಕ್ ಇಳಿಯುವ ಜಾಗವನ್ನು ಮುಟ್ಟುತ್ತದೆಯೇ? ಆರಡಿ ಅಂತರದ ಬೆಂಚು, ಮಾಸ್ಕ್ ಹಾಕಿದ ಅರ್ಧ ತರಗತಿ, ತೆರೆದ ಕಿಟಕಿ ಇರುವ ಪಾಠದ ಕೋಣೆ ಹೋಲಿಕೆಯಲ್ಲಿ ಸುರಕ್ಷಿತ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಮೆಸ್ಸಿಗೆ ಬರೋಣ. 60 ಅಡಿ ಉದ್ದ, 40 ಅಡಿ ಅಗಲ, 12 ಅಡಿ ಎತ್ತರದ ಹಾಲ್ ಎಂದಿಟ್ಟುಕೊಳ್ಳಿ. ಗಾತ್ರ 28,800 ಘನ ಅಡಿ, ಅಂದರೆ ಸುಮಾರು 815 ಘನ ಮೀಟರ್. ಗಂಟೆಗೆ ಆರು ಸಲ ಗಾಳಿ ಪೂರ್ತಿ ಬದಲಾಗಬೇಕೆಂದರೆ ಗಂಟೆಗೆ ಸುಮಾರು 4,900 ಘನ ಮೀಟರ್ ಹೊರಗೆ ಹೋಗಬೇಕು. ಎಕ್ಸಾಸ್ಟ್ ಫ್ಯಾನಿನ ಡಬ್ಬಿಯ ಮೇಲೆ ‘ಏರ್ ಡೆಲಿವರಿ’ ಎಂದು ಒಂದು ಅಂಕಿ ಇರುತ್ತದೆ. ಅದು ಗಂಟೆಗೆ 1,500 ಘನ ಮೀಟರ್ ಎಂದಿದ್ದರೆ ನಂಬಬೇಡಿ. ಜಾಲರಿ, ಜಿಡ್ಡು, ಹೊರಗಿನ ಮುಚ್ಚಳ ಎಲ್ಲ ಸೇರಿ ಕೈಗೆ ಸಿಗುವುದು ಹೆಚ್ಚೆಂದರೆ 1,000. ಹಾಗಾಗಿ ಐದು ಫ್ಯಾನು ಬೇಕು. ಸೀಲಿಂಗ್ ಫ್ಯಾನು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಇರುವ ಗಾಳಿಯನ್ನೇ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ.

ಫ್ಯಾನು ಎಲ್ಲಿ ಕೂರಿಸುತ್ತೀರಿ ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಎಕ್ಸಾಸ್ಟ್ ಪಕ್ಕದ ಕಿಟಕಿಯನ್ನೇ ತೆರೆದಿಟ್ಟರೆ ಆ ಕಿಟಕಿಯಿಂದ ಬಂದ ಗಾಳಿ ಹಾಗೇ ಫ್ಯಾನಿನಿಂದ ಹೊರಗೆ ಹೋಗುತ್ತದೆ. ಹಾಲಿನ ಆಚೆ ತುದಿಯಲ್ಲಿ ಕೂತವರ ಸುತ್ತಲಿನ ಗಾಳಿ ಕದಲುವುದೇ ಇಲ್ಲ. ಫ್ಯಾನುಗಳು ಒಂದು ಗೋಡೆಯಲ್ಲಿರಲಿ, ಅವುಗಳ ಆಜುಬಾಜಿನ ಕಿಟಕಿ ಮುಚ್ಚಿರಲಿ, ಎದುರು ಗೋಡೆಯ ಕಿಟಕಿ, ಬಾಗಿಲು ತೆರೆದಿರಲಿ. ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಒಂದು ಊದುಬತ್ತಿ ಸಾಕು. ತೆರೆದ ಬಾಗಿಲ ಬಳಿ ಹಿಡಿದಾಗ ಹೊಗೆ ಒಳಕ್ಕೆ ವಾಲಬೇಕು. ನಡುಹಾಲಿನಲ್ಲಿ ಹಿಡಿದಾಗ ನೆಟ್ಟಗೆ ಮೇಲೇರಿದರೆ ಅಲ್ಲಿ ಗಾಳಿ ನಿಂತಿದೆ ಎಂದರ್ಥ. ಸೀಲಿಂಗ್ ಫ್ಯಾನು ಆರಿಸಿಯೇ ಈ ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ಹೊಗೆ ದಿಕ್ಕೆಟ್ಟು ಏನೂ ತಿಳಿಯುವುದಿಲ್ಲ.

ಪಾಳಿಯಲ್ಲಿ ಊಟ, 20 ನಿಮಿಷಕ್ಕೊಂದು ಪಾಳಿ, ನಡುವೆ 10 ನಿಮಿಷ ಹಾಲ್ ಖಾಲಿ. ಆರು ಸಲ ಗಾಳಿ ಬದಲಾಗುವ ಹಾಲ್ ಆಗಿದ್ದರೆ ಆ ಹತ್ತು ನಿಮಿಷದಲ್ಲಿ ಹಿಂದಿನ ಪಾಳಿಯವರು ಬಿಟ್ಟುಹೋದದ್ದರಲ್ಲಿ ಸುಮಾರು ಮೂರನೇ ಎರಡು ಪಾಲು ಹೊರಗೆ ಹೋಗಿರುತ್ತದೆ. ಎದುರುಬದುರು ಕೂರಿಸದೆ ಒಂದೇ ದಿಕ್ಕಿಗೆ ಕೂರಿಸಿದರೆ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದರೆ ಬಾಯಿಂದ ಹೊರಡುವ ಕಣಗಳೂ ಕಡಿಮೆ. ಊಟ ಪಾರ್ಸಲ್ ಕೊಟ್ಟು ಕಳಿಸುವ ಉಪಾಯ ಮೊದಲ ವಾರ ಚೆನ್ನಾಗಿ ನಡೆಯುತ್ತದೆ. ಎರಡನೇ ವಾರದಲ್ಲಿ ಆರು ಜನ ಒಂದೇ ರೂಮಿನಲ್ಲಿ ಪೊಟ್ಟಣ ಬಿಚ್ಚಿಕೊಂಡು ಕೂತಿರುತ್ತಾರೆ, ಅದು ಮೆಸ್ಸಿಗಿಂತ ಕೆಟ್ಟದ್ದು. ಬೇಸಾಯದ ಹೊಲವೋ, ಆಟದ ಮೈದಾನವೋ, ಮಾಳಿಗೆಯೋ ಇದ್ದರೆ ಬಯಲಿನಲ್ಲೇ ಉಣ್ಣಲು ಬಿಡುವುದು ವಾಸಿ. ಯಾರೂ ನೋಡದ ಜಾಗ ಇನ್ನೊಂದಿದೆ: ಕೊನೆಯ ಪಾಳಿ ಮುಗಿದ ಮೇಲೆ ಅಡುಗೆಯವರು, ಬಡಿಸುವವರು ಅಡುಗೆಮನೆಯ ಮೂಲೆಯಲ್ಲಿ ಒಟ್ಟಿಗೆ ಕೂತು ಉಣ್ಣುತ್ತಾರೆ. ಎಲ್ಲ ಪಾಳಿಗಳನ್ನೂ ಮುಟ್ಟುವವರು ಅವರೊಬ್ಬರೇ. ಪರೀಕ್ಷೆಯ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದಿರಬೇಕು.

ಈಗ ರೂಮು. 10 ಅಡಿ, 12 ಅಡಿ, 10 ಅಡಿ ಎತ್ತರ. ಸುಮಾರು 34,000 ಲೀಟರ್ ಗಾಳಿ. ಮಲಗಿರುವ ಒಬ್ಬರು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಮೂವರಿಂದ 36 ಲೀಟರ್. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು. ಸೊಳ್ಳೆಗೋ ಚಳಿಗೋ ಹೆದರಿ ಕಿಟಕಿ ಮುಚ್ಚಿದರೆ ಗಂಟೆಗೆ ಸಾವಿರದಷ್ಟು ಏರಲು ಶುರುವಾಗುತ್ತದೆ. ಬಾಗಿಲ ಸಂದಿಯಿಂದ ಅಷ್ಟಿಷ್ಟು ಸೋರಿದರೂ ಬೆಳಗಿನ ಜಾವಕ್ಕೆ 2,500ರ ಹತ್ತಿರ ನಿಲ್ಲುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಅದು 38,000 ಪಿಪಿಎಂ ಇರುವುದರಿಂದ ಹೊರಗಿನ 420 ಕಳೆದು ಒಂದು ಸಣ್ಣ ಭಾಗಾಕಾರ ಮಾಡಬಹುದು: 2,500 ಇರುವ ರೂಮಿನಲ್ಲಿ ಒಳಗೆಳೆಯುವ ಗಾಳಿಯ ಐದೂವರೆ ಶೇಕಡಾ, ಅಂದರೆ ಹದಿನೆಂಟರಲ್ಲಿ ಒಂದು ಉಸಿರು, ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು. 800ಕ್ಕೆ ಇಳಿಸಿದರೆ ಅದು ನೂರರಲ್ಲಿ ಒಂದು. ಕಿಟಕಿಗೆ ಸೊಳ್ಳೆ ಪರದೆ ಹೊಡೆಸುವುದು ಹೀಗೆ ಕೋವಿಡ್ ನಿಯಮವೂ ಆಗುತ್ತದೆ.

ಇಂಗಾಲದ ಡೈಆಕ್ಸೈಡಿನ ಮೀಟರ್ ಕೊಳ್ಳುವುದಾದರೆ ಅವಕೆಂಪು ಬೆಳಕಿನಿಂದ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇರುವುದನ್ನೇ ಕೊಳ್ಳಿ. ಕೆಲವು ಅಗ್ಗದ ಮೀಟರುಗಳು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ಬೇರೆ ಆವಿಗಳನ್ನು ಮೂಸಿ ಅಂದಾಜು ಹೇಳುತ್ತವೆ. ಹತ್ತಿರದಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಸಾಕು, ಅಂಕಿ ಜಿಗಿಯುತ್ತದೆ. ಹೊರಗೆ ಬಯಲಿನಲ್ಲಿಟ್ಟಾಗ 420ರ ಆಸುಪಾಸು ತೋರಿಸುವುದು ಸರಿಯಾದ ಮೀಟರು.

ನೆಲ, ಮೇಜು, ಹಿಡಿಕೆ ಒರೆಸುವುದಕ್ಕೆ ಖರ್ಚಾದ ದುಡ್ಡು ನೋಡಿದರೆ ಬೇಸರವಾಗುತ್ತದೆ. ಮೇಲ್ಮೈ ಮುಟ್ಟಿ ಸೋಂಕು ತಗುಲುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಜನರ ಮೈಮೇಲೆ ಸೋಂಕುನಿವಾರಕ ಸಿಂಪಡಿಸುವ ಸುರಂಗಗಳು ಬೇಡವೆಂದು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಶೌಚಾಲಯ, ಬಾಗಿಲ ಹಿಡಿಕೆಗೆ 1% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸಾಕು: 5%ನದು ಒಂದು ಮಗ್, ನೀರು ನಾಲ್ಕು ಮಗ್, ಆ ದಿನದ್ದು ಆ ದಿನವೇ ಕಲಸಿದ್ದು. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಮಾತ್ರ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಪರೀಕ್ಷೆಯ ವಿಷಯದಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಬರುವವರಿಗೆಲ್ಲ ಪರೀಕ್ಷೆ ಕಡ್ಡಾಯ ಮಾಡದೆ 2020ರ ಆಗಸ್ಟ್ 10ರಂದು ತರಗತಿ ಶುರುಮಾಡಿತು. ಒಂದೇ ವಾರದಲ್ಲಿ ಪರೀಕ್ಷೆಯಲ್ಲಿ ಪಾಸಿಟಿವ್ ಬರುವ ಪ್ರಮಾಣ 2.8%ನಿಂದ 13.6%ಗೆ ಏರಿ, 17ರಂದು ಪದವಿ ತರಗತಿಗಳನ್ನು ಆನ್‌ಲೈನ್‌ಗೆ ಕಳಿಸುವ ತೀರ್ಮಾನವಾಯಿತು. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ ಎಲ್ಲರಿಗೂ ವಾರಕ್ಕೆರಡು ಸಲ ಪರೀಕ್ಷೆ ಮಾಡಿತು, ದಿನಕ್ಕೆ ಹತ್ತು ಸಾವಿರಕ್ಕೂ ಮೇಲೆ. ಮೂಗಿಗೆ ಕಡ್ಡಿಯಿಲ್ಲ, ಕೊಳವೆಯೊಳಗೆ ಎಂಜಲು ಉಗುಳಿದರೆ ಆಯಿತು. ಆ ಕೊಳವೆಯನ್ನು 95 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಿದರೆ ವೈರಸ್ ಸಾಯುತ್ತದೆ, ಅದರ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಹೊರಗೆ ಬರುತ್ತದೆ. ಆರ್‌ಎನ್‌ಎ ಬೇರ್ಪಡಿಸುವ ದುಬಾರಿ ಕಿಟ್ಟಿನ ಹಂಗೇ ಇಲ್ಲ. ಫಲಿತಾಂಶ ಸಾಮಾನ್ಯವಾಗಿ ಒಂದು ದಿನದಲ್ಲಿ ಮೊಬೈಲಿಗೆ ಬರುತ್ತಿತ್ತು, ನೆಗೆಟಿವ್ ಇದ್ದರಷ್ಟೆ ಕಟ್ಟಡದೊಳಗೆ ಪ್ರವೇಶ.

ಇಲಿನಾಯ್‌ನಲ್ಲೂ ಲೆಕ್ಕ ತಪ್ಪಿತು. ವಿದ್ಯಾರ್ಥಿಗಳು ಪಾರ್ಟಿ ಮಾಡುತ್ತಾರೆ ಎಂಬುದನ್ನು ಭೌತವಿಜ್ಞಾನಿಗಳಾದ ನೈಜೆಲ್ ಗೋಲ್ಡನ್‌ಫೆಲ್ಡ್, ಸೆರ್ಗೆಯ್ ಮಾಸ್ಲೊವ್ ಅಲ್ಲಿ ಸೋಂಕು ಹೇಗೆ ಹರಡೀತೆಂದು ಅಂದಾಜಿಸುವ ತಮ್ಮ ಗಣಿತದಲ್ಲಿ ಸೇರಿಸಿಕೊಂಡಿದ್ದರು. ಪಾಸಿಟಿವ್ ಎಂದು ತಿಳಿದ ಮೇಲೂ ಕೆಲವರು ಪಾರ್ಟಿಗೆ ಹೋಗುತ್ತಾರೆ ಎಂಬುದನ್ನು ಸೇರಿಸಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಎರಡು ವಾರ ಓಡಾಟ ಬಿಗಿಗೊಳಿಸಬೇಕಾಯಿತು. ಆದರೆ ವಾರಕ್ಕೆರಡು ಪರೀಕ್ಷೆ ನಡೆಯುತ್ತಿದ್ದುದರಿಂದ ಏರುತ್ತಿರುವುದು ಆಗಲೇ ಕಂಡಿತು, ಇಳಿದದ್ದೂ ಕಂಡಿತು, ಕ್ಯಾಂಪಸ್ ಮುಚ್ಚಲಿಲ್ಲ.

ಅಷ್ಟು ದುಡ್ಡಿಲ್ಲದ ಕಾಲೇಜಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಏಪ್ರಿಲ್‌ನಲ್ಲಿ ಒಂದು ದಾರಿ ಕೊಟ್ಟಿತ್ತು: ಸೋಂಕಿನ ಪ್ರಮಾಣ 2%ಗಿಂತ ಕಡಿಮೆ ಇದ್ದಲ್ಲಿ ಐದು ಜನರ ಮಾದರಿ ಬೆರೆಸಿ ಒಂದೇ ಪರೀಕ್ಷೆ. ನೂರು ಜನರಲ್ಲಿ ಒಬ್ಬರಿಗೆ ಸೋಂಕಿದ್ದರೆ 20 ಗುಂಪಿಗೆ 20 ಪರೀಕ್ಷೆ, ಪಾಸಿಟಿವ್ ಬಂದ ಗುಂಪಿನ ಐವರಿಗೆ ಮತ್ತೆ ಐದು; ನೂರರ ಬದಲು 25ರಲ್ಲಿ ಮುಗಿಯಿತು. ಐವರನ್ನು ರೂಮಿನ ಲೆಕ್ಕದಲ್ಲೇ ಗುಂಪು ಮಾಡಿದರೆ ಇನ್ನೂ ಅನುಕೂಲ. ಸೋಂಕು ಹೇಗೂ ರೂಮಿನಲ್ಲೇ ಗುಂಪಾಗಿರುತ್ತದೆ, ಹಾಗಾಗಿ ಪಾಸಿಟಿವ್ ಬರುವ ಗುಂಪುಗಳೂ ಕಡಿಮೆ.

ಪಾಸಿಟಿವ್ ಬಂದವರಿಗೆ ಬೇಕಾದ್ದು ಪ್ರತ್ಯೇಕ ಬಚ್ಚಲಿರುವ ರೂಮು, ಬಾಗಿಲಿಗೆ ಬರುವ ಊಟ, ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಒಂದು ಆಕ್ಸಿಮೀಟರ್. ಬೆರಳಿಗೆ ಮೆಹಂದಿ, ಉಗುರುಬಣ್ಣ ಇದ್ದರೆ ಅಥವಾ ಕೈ ತಣ್ಣಗಿದ್ದರೆ ಅದು ತಪ್ಪು ತೋರಿಸಬಹುದು. ಕೈ ಉಜ್ಜಿಕೊಂಡು, ಬಣ್ಣವಿಲ್ಲದ ಬೆರಳಿಗೆ ಹಾಕಿ, ಅಂಕಿ ನಿಂತ ಮೇಲೆ ಓದಬೇಕು. 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ. ಇದೆಲ್ಲಕ್ಕೂ ಮೊದಲಿನ ಪ್ರಶ್ನೆ, ಗಂಟಲು ಕೆರೆದಾಗ ಹುಡುಗರು ವಾರ್ಡನ್‌ಗೆ ಹೇಳುತ್ತಾರೆಯೇ ಎಂಬುದು. ಹೇಳಿದರೆ ಹಾಜರಾತಿ ಕೊರತೆ, ಇಂಟರ್ನಲ್ಸ್ ತಪ್ಪುವುದು, ರೂಮ್‌ಮೇಟ್‌ಗಳಿಗೂ ಕ್ವಾರಂಟೈನ್, ಅವರ ಬೈಗುಳ. ಹೇಳದಿದ್ದರೆ ಒಂದು ಪ್ಯಾರಸಿಟಮಾಲ್. ಯಾರಾದರೂ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಐಸೊಲೇಶನ್‌ನ ದಿನಗಳಿಗೆ ಹಾಜರಾತಿ ಕೊಡುತ್ತೇವೆ, ಇಂಟರ್ನಲ್ಸ್ ಮತ್ತೆ ಬರೆಸುತ್ತೇವೆ ಎಂಬ ಎರಡು ಸಾಲನ್ನು ನೋಟಿಸ್ ಬೋರ್ಡಿಗೆ ಹಚ್ಚಿದರೆ ಥರ್ಮಲ್ ಗನ್ ಹಿಡಿಯದ ಜ್ವರವೆಲ್ಲ ತಾನಾಗಿಯೇ ವಾರ್ಡನ್ ಬಾಗಿಲಿಗೆ ಬರುತ್ತದೆ.

ಯಾರೂ ಬಾಯಿಬಿಡದಿದ್ದರೂ ಚರಂಡಿ ಹೇಳುತ್ತದೆ. ಅರಿಜೋನಾ ವಿಶ್ವವಿದ್ಯಾಲಯ 2020ರ ಆಗಸ್ಟ್‌ನಲ್ಲಿ ಲೈಕಿನ್ಸ್ ಹಾಲ್ ಎಂಬ ಹಾಸ್ಟೆಲಿನ ಕೊಳಚೆ ನೀರಿನಲ್ಲಿ ವೈರಸ್ಸಿನ ಆರ್‌ಎನ್‌ಎ ಕಂಡು, ಅಲ್ಲಿದ್ದ 311 ಮಂದಿಯನ್ನೂ ಪರೀಕ್ಷಿಸಿತು. ಲಕ್ಷಣವೇ ಇಲ್ಲದ ಇಬ್ಬರು ಸಿಕ್ಕರು, ಅವರನ್ನು ಬೇರೆ ಮಾಡಿದರು. ಮಾದರಿ ತೆಗೆಯಬೇಕಾದ್ದು ಬೆಳಗ್ಗೆ, ಎಲ್ಲರೂ ಶೌಚಕ್ಕೆ ಹೋಗುವ ಹೊತ್ತಿಗೆ, ಬರೀ ಆ ಒಂದು ಕಟ್ಟಡದ ನೀರು ಹರಿಯುವ ಚೇಂಬರಿನಿಂದ. ನಮ್ಮ ಅನೇಕ ಹಾಸ್ಟೆಲುಗಳಲ್ಲಿರುವಂತೆ ಸೆಪ್ಟಿಕ್ ಟ್ಯಾಂಕ್ ಇದ್ದರೆ ಟ್ಯಾಂಕಿನಿಂದ ತೆಗೆದು ಉಪಯೋಗವಿಲ್ಲ. ಅದರೊಳಗೆ ಹಳೆಯದು, ಹೊಸದು ಎಲ್ಲ ಬೆರೆತಿರುತ್ತದೆ. ಟ್ಯಾಂಕಿಗೆ ಮುಂಚಿನ ಚೇಂಬರಿನ ಮುಚ್ಚಳ ಎತ್ತಿ, ಅಲ್ಲಿಂದ ತೆಗೆಯಬೇಕು.