ಸೋರುವ ಪೀಪಾಯಿಯ ಗಂಧದ ಘಮ
ಜಪಾನಿನ ಯಮಾಜಾಕಿ 18, ಅಂದರೆ ಮರದ ಪೀಪಾಯಿಯಲ್ಲಿ 18 ವರ್ಷ ಮಾಗಿದ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿಯಿಂದ ತಯಾರಾದ) ವಿಸ್ಕಿಯನ್ನು ಗ್ಲಾಸಿಗೆ ಬಗ್ಗಿಸಿದರೆ ಮೊದಲು ಮೂಗಿಗೆ ಬಡಿಯುವುದು ಒಣದ್ರಾಕ್ಷಿ, ಆಮೇಲೆ ಹಾಲು ಹಾಕಿದ ಕಾಫಿ. ಇದು ಶೆರಿ ವೈನ್ ತುಂಬಿಟ್ಟಿದ್ದ ಪೀಪಾಯಿಗಳ ಕೊಡುಗೆ. ಹತ್ತು ನಿಮಿಷ ಸುಮ್ನೆ ಬಿಡಿ. ಸಣ್ಣಗೆ ದೇವರ ಮನೆಯ ಘಮ ಬರುತ್ತದೆ. ನಮಗೆ ಶ್ರೀಗಂಧದ ನೆನಪಾದರೆ, ಜಪಾನಿನವರು ಅದನ್ನು ತಮ್ಮ ದೇವಸ್ಥಾನದ ಅಗರು ಧೂಪಕ್ಕೆ ಹೋಲಿಸುತ್ತಾರೆ. ತಮಾಷೆ ಅಂದರೆ, ಈ ಘಮ ಬೇಕು ಅಂತ ಯಾರೂ ಹೊರಟಿರಲಿಲ್ಲ.

1923ರಲ್ಲಿ ಶಿಂಜಿರೊ ತೋರಿ ಕ್ಯೋಟೊ ಮತ್ತು ಒಸಾಕಾ ನಡುವಿನ ಯಮಾಜಾಕಿಯಲ್ಲಿ ಡಿಸ್ಟಿಲರಿ ಕಟ್ಟಲು ಶುರುಮಾಡಿದರು. ಮೂರು ನದಿಗಳು ಸೇರುವ, ಮಂಜು ಕವಿಯುವ ಜಾಗ ಅದು. ಸ್ಕಾಟ್ಲೆಂಡಿಗೆ ಹೋಗಿ ಕೆಲಸ ಕಲಿತು ಬಂದಿದ್ದ ಮಸತಾಕ ತಾಕೆತ್ಸುರು ಜೊತೆಗಿದ್ದರು. 1929ರಲ್ಲಿ ಬಂದ ಮೊದಲ ವಿಸ್ಕಿ ಹೊಗೆ ವಾಸನೆ ಜಾಸ್ತಿಯಾಗಿ ಓಡಲಿಲ್ಲ. ತೋರಿಗೆ ಜಪಾನಿನ ನಾಲಿಗೆಗೆ ಹಿಡಿಸುವ ಮೃದು ರುಚಿ ಬೇಕಿತ್ತು, ತಾಕೆತ್ಸುರುಗೆ ಅಪ್ಪಟ ಸ್ಕಾಟಿಷ್ ದಾರಿ. 1934ರಲ್ಲಿ ತಾಕೆತ್ಸುರು ಹೊಕ್ಕೈಡೊದ ಯೊಯಿಚಿಗೆ ಹೋಗಿ ತಮ್ಮದೇ ಕಂಪನಿ ಮಾಡಿದರು. ಯೊಯಿಚಿಯಲ್ಲಿ ಇವತ್ತಿಗೂ ಭಟ್ಟಿಯ ಕೆಳಗೆ ಕಲ್ಲಿದ್ದಲಿನ ಬೆಂಕಿಯೇ ಉರಿಯುತ್ತದೆ.

ಗಂಧದ ಕಥೆ ಬರುವುದು ಎರಡನೇ ಮಹಾಯುದ್ಧದ ಹೊತ್ತಿಗೆ. ಹೊರಗಿನಿಂದ ಪೀಪಾಯಿ ಬರುವುದು ನಿಂತಿತು. ವಿಧಿಯಿಲ್ಲದೆ ಕೈಗೆ ಸಿಕ್ಕ ನಾಡಮರವನ್ನೇ ಕಡಿದರು: ಮಿಜುನಾರಾ, ಅಂದರೆ ‘ನೀರಿನ ಓಕ್’. ಹೆಸರಿಗೆ ತಕ್ಕಂತೆ ತೇವ ತುಂಬಿದ ಮರ. ಕಾಂಡ ನೆಟ್ಟಗಿರುವುದಿಲ್ಲ, ಪೀಪಾಯಿಗೆ ಬೇಕಾದಷ್ಟು ದಪ್ಪ ಬರಲು ಇನ್ನೂರು ವರ್ಷ ಹಿಡಿಯುತ್ತದೆ. ಇಷ್ಟಾದ ಮೇಲೂ ಪೀಪಾಯಿ ಸೋರುತ್ತದೆ! ವಿಸ್ಕಿಯೂ ಆರಂಭದ ವರ್ಷಗಳಲ್ಲಿ ಬರೀ ಹಸಿ ಮರದ ವಾಸನೆ ಹೊಡೆಯುತ್ತಿತ್ತು. ಯಾರಿಗೂ ಇಷ್ಟವಾಗಲಿಲ್ಲ. ಆದರೆ ದಶಕಗಳ ಕಾಲ ಮೂಲೆಯಲ್ಲಿ ಬಿದ್ದಿದ್ದ ಪೀಪಾಯಿಗಳನ್ನು ತೆರೆದಾಗ ಕೊಬ್ಬರಿ, ಗಂಧ, ಧೂಪ!

ಹೀಗೆ ವರ್ಷಗಟ್ಟಲೆ ಕಾಯುವುದು ಎಲ್ಲ ಊರಿನಲ್ಲೂ ಆಗದ ಮಾತು. ಅಮೃತ್ ಸಿಂಗಲ್ ಮಾಲ್ಟ್ ತಯಾರಾಗುವ ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ಶೇ. 10ರಷ್ಟು ಆವಿಯಾಗಿ ಹೋಗುತ್ತದೆ. 18 ವರ್ಷ ಇಟ್ಟರೆ ಆರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅದಕ್ಕೇ ನಮ್ಮಲ್ಲಿ ವಿಸ್ಕಿ ಬೇಗ ಬಾಟಲಿಗೆ ಇಳಿಯುತ್ತದೆ.

ಯಮಾಜಾಕಿ 12 ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ಸರಿಯಾಗಿ ಆಗಲೇ ಜಪಾನಿನಲ್ಲಿ ವಿಸ್ಕಿ ಕುಡಿಯುವವರು ಕಡಿಮೆಯಾಗತೊಡಗಿದ್ದರು. ಸುಮಾರು 25 ವರ್ಷ ಇಳಿಮುಖವೇ. ಭಟ್ಟಿಗಳು ಕಮ್ಮಿ ಉರಿದವು, ಹಳೆಯ ಪೀಪಾಯಿಗಳು ಗೋದಾಮಿನಲ್ಲೇ ಮಾಗಿದವು. 2001ರಿಂದ ಅಂತರರಾಷ್ಟ್ರೀಯ ಪ್ರಶಸ್ತಿಗಳು ಬಂದಾಗ ಜಗತ್ತು ಚಪ್ಪರಿಸಿದ್ದು ಈ ಮಂದಗಾಲದ ಉಳಿಕೆಯನ್ನೇ ಅಲ್ವಾ?

ಆ ಉಳಿಕೆ ಬೇಗ ಕರಗಿತು. 2015ರಲ್ಲಿ ಯೊಯಿಚಿಯ ಬಾಟಲಿಗಳಿಂದ, ಎಷ್ಟು ವರ್ಷ ಮಾಗಿದ್ದು ಅಂತ ಹೇಳುವ ವಯಸ್ಸಿನ ಅಂಕಿ ಮಾಯವಾಯಿತು. 2018ರಲ್ಲಿ ತೋರಿ ಕಟ್ಟಿದ ಕಂಪನಿಯದೇ ಬೇರೆ ವಿಸ್ಕಿಗಳಾದ ಹಕುಶು 12 ಮತ್ತು ಹಿಬಿಕಿ 17ರ ಮಾರಾಟ ನಿಲ್ಲಿಸಬೇಕಾಯಿತು. 2020ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 55 ವರ್ಷದ ಯಮಾಜಾಕಿಯ ಒಂದೇ ಬಾಟಲಿ 60 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿಗೆ ಹೋಯಿತು. ಬೇಡಿಕೆ ಬಂತೆಂದು ಈಗ ಭಟ್ಟಿ ಜೋರು ಮಾಡಬಹುದು. ಆದರೆ 2018ರಲ್ಲಿ ತುಂಬಿಸಿದ ಪೀಪಾಯಿಗೆ 18 ತುಂಬುವುದು 2036ಕ್ಕೇ.