ಅಲೆಕ್ಸಾಂಡರ್‌ನ ಬಿಡಿ, ಅಜ್ಜಿಯನ್ನ ಕೇಳಿ

ಪ್ರತಿ ವರ್ಷ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ವಾರ ನನಗೆ ಫೋನ್ ಜಾಸ್ತಿ. ಮನೆತನದ ಮೂಲ ಮನೆಯಾದ ಐನ್‌ಮನೆಗೆ ಹೋಗಿ ಬಂದಿರ್ತಾರೆ, ಪಂದಿಕರಿ ಕಡುಬು ತಿಂದಿರ್ತಾರೆ, ಗೋಡೆ ಮೇಲಿನ ಹಳೇ ಫೋಟೋ ನೋಡಿರ್ತಾರೆ, ವಾಪಸ್ ಬೆಂಗಳೂರು ತಲುಪೋಷ್ಟ್ರಲ್ಲಿ "ನಮ್ಮ ಮೂಲ ಯಾವುದು" ಅನ್ನೋ ಹುಳ ತಲೆಗೆ ಹೊಕ್ಕಿರುತ್ತೆ. ಒಳ್ಳೇದೇ. ವಂಶಪಾರಂಪರ್ಯ ಜಮೀನಿನ ಹಳೇ ಜಮ್ಮಾ ಕಾಗದ, ಕಂದಾಯದ ಜಮಾಬಂದಿ ನಕಲು ಓದಿ ವಂಶವೃಕ್ಷ ಬರೆದು ಕೊಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಹುಳಕ್ಕೆ ನಾನು ಬೈಯೋ ಹಾಗಿಲ್ಲ. ಬೇಜಾರಾಗೋದು ಮೊದಲ ಪ್ರಶ್ನೆಗೆ. "ಅಂಕಲ್, ನಮ್ಮ ಸರ್‌ನೇಮ್ ಗ್ರೀಕ್ ಪದ ಅಂತಲ್ಲಾ?"

ಅಲೆಕ್ಸಾಂಡರ್‌ನ ಸೈನ್ಯದಿಂದ ನಾವು ಬಂದ್ವಿ ಅನ್ನೋ ಕಥೆ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಅಲೆಕ್ಸಾಂಡರ್ ಪಂಜಾಬಿನ ಬಿಯಾಸ್ ನದಿ ಹತ್ರಾನೇ ವಾಪಸ್ ತಿರುಗಿದ, ಅಲ್ಲಿಂದ ತಲಕಾವೇರಿ ಎಷ್ಟು ದೂರ ಅಂತ ಮ್ಯಾಪ್ ತೆಗೆದು ನೀವೇ ನೋಡ್ಕೊಳ್ಳಿ. ಕಥೆ ಅಂತ ಮಕ್ಕಳಿಗೆ ಹೇಳಿದ್ರೆ ತೊಂದರೆ ಇಲ್ಲ, ಅದನ್ನ ವಂಶವೃಕ್ಷದ ಮೇಲ್ಗಡೆ ಬರೀರಿ ಅಂದ್ರೆ ಮಾತ್ರ ನನಗೆ ಆಗಲ್ಲ.

ಇನ್ನು ಹೆಸರಿನ ವಿಚಾರ. ಮನೆಪೆದದ, ಅಂದ್ರೆ ಮನೆಹೆಸರಿನ, ಕೊನೇಲಿ ಬರೋ "ಅಂಡ", "ಎರ", "ಇರ" ಇವೆಲ್ಲ ಯಾವ ಗುಪ್ತ ಭಾಷೆಯೂ ಅಲ್ಲ, ನಮ್ಮ ಭಾಷೆಯಾದ ಕೊಡವ ತಕ್ಕ್‌ನಲ್ಲಿ "ಇಂಥವರ" ಅಂತ ಹೇಳೋ ಪ್ರತ್ಯಯ ಅಷ್ಟೇ. ಅಪ್ಪಂಡ ಮನೆ ಅಂದ್ರೆ ಅಪ್ಪನ ಮನೆ. ಹಾಗೇನೇ ಯಾರೋ ಒಬ್ಬ ಕಾರಣವನ, ಅಂದ್ರೆ ಪೂರ್ವಜನ, ಹೆಸರಿಗೆ "ಅಂಡ" ಸೇರಿದ್ರೆ ಅವನ ಮನೆಯವರು ಅಂತ ಆಯ್ತು. ಕೆಲವು ಹೆಸರು ಜಾಗದಿಂದ ಬಂದಿರಬಹುದು, ಕೆಲವದ್ದು ಈಗ ಬಿಡಿಸೋಕೆ ಆಗದಷ್ಟು ಸವೆದಿದೆ. ಸವೆದ ಹೆಸರಿಗೆ ಅರ್ಥ ಹೇಳು ಅಂತ ದುಡ್ಡು ಕೊಟ್ರೂ ನಾನು ಹೇಳಲ್ಲ, ಹೇಳೋರು ಬೇರೆ ಕಡೆ ಸಿಗ್ತಾರೆ.

ಈಗ ನಾನು ಬಾಯಿ ನೋವು ಬರೋವರೆಗೆ ಹೇಳೋ ವಿಷಯಕ್ಕೆ ಬರ್ತೀನಿ. ಆ ಹೆಸರು ಮನೆಗೆ ಅಂಟಿಕೊಂಡಿರೋದು. ರಕ್ತ ಆ ಹೆಸರಿನ ಜೊತೆ ಬಹುಪಾಲು ಬರುತ್ತೆ, ಯಾವಾಗಲೂ ಬರಲ್ಲ. ಹೇಗೆ ಅಂತ ಕೇಳಿ. ಗಂಡು ಮಕ್ಕಳಿಲ್ಲದೆ ಒಕ್ಕ (ಒಂದೇ ಮನೆಪೆದದ ಮನೆತನ) ನಿಂತುಹೋಗೋ ಹಾಗಾದಾಗ ಮಗಳಿಗೆ ಮದುವೆ ಮಾಡಿ, ಹುಟ್ಟೋ ಮಕ್ಕಳು ಅಮ್ಮನ ಒಕ್ಕಕ್ಕೇ ಸೇರೋ ಪದ್ಧತಿ ನಮ್ಮಲ್ಲಿ ಉಂಟು, ಒಕ್ಕಪರಿಜೆ, ಮಕ್ಕಪರಿಜೆ ಅಂತಾರೆ, ವಿವರ ನಿಮ್ಮ ಹಿರಿಯರ ಹತ್ರ ಕೇಳಿ, ಎರಡೂ ಒಂದೇ ಅಲ್ಲ. ಹಾಗೆ ಬಂದ ಅಳಿಯನ ಮಗ, ಮೊಮ್ಮಗ, ಮರಿಮಗ ಎಲ್ಲರೂ ಆ ಮನೆಪೆದದವರೇ. ಐನ್‌ಮನೆಯ ನಡುಮನೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚೋದು, ಕಾರಣವರಿಗೆ ಮೀದಿ (ನೈವೇದ್ಯ) ಇಡೋದು ಅವರೇ. ಯಾರೂ ಅವರನ್ನ ಅರ್ಧ ಮನೆಯವರು ಅನ್ನಲ್ಲ. ಮದುವೆಯಾಗಿ ಬಂದ ಹೆಣ್ಣಿಗೂ ಹಾಗೇ, ಮದುವೆಯಲ್ಲಿ ಸಂಬಂಧ ಅಡ್‌ಕುವಾಗ ಎರಡೂ ಕಡೆ ಅರುವ, ಅಂದ್ರೆ ಒಕ್ಕದ ಪರ ಮಾತಾಡೋ ಹಿರಿಯ, ನಿಂತು ಮಾತಾಡಿ ಆಕೆಗೆ ಈ ಒಕ್ಕದ ಹಕ್ಕು ಕೊಡಿಸ್ತಾರೆ. ರಕ್ತ ಬೇರೆ, ಹೆಸರು ಇಲ್ಲಿನದ್ದು. ಇಷ್ಟು ಹೇಳಿ ಮುಗಿಸಿದ ಮೇಲೂ "ಹಾಗಾದ್ರೆ ನಾವು ಒರಿಜಿನಲ್ ಅಲ್ವಾ" ಅಂತ ಕೇಳ್ತಾರೆ ನೋಡಿ, ಆಗ ನಾನು ಕಾಫಿ ತರ್ತೀನಿ ಅಂತ ಎದ್ದು ಹೋಗ್ತೀನಿ.

ಇದೇ ತಪ್ಪು ಡಿಎನ್‌ಎ ಕಿಟ್‌ನಲ್ಲೂ. ಎಂಜಲು ಕಳಿಸಿ, ರಿಪೋರ್ಟ್ ಹಿಡ್ಕೊಂಡು ಬರ್ತಾರೆ. ಅಪ್ಪನಿಂದ ಮಗನಿಗೆ ಹೋಗೋ ವೈ ಕ್ರೋಮೋಸೋಮ್ ಒಂದೇ ಒಂದು ಗಂಡು ಸಾಲನ್ನ ತೋರಿಸುತ್ತೆ, ನಡುವೆ ಎಲ್ಲಾದ್ರೂ ಒಕ್ಕಪರಿಜೆ ನಡೆದಿದ್ರೆ ಆ ಸಾಲು ಸೀದಾ ಬೇರೆ ಐನ್‌ಮನೆಗೆ ಹೋಗಿ ನಿಲ್ಲುತ್ತೆ. ಕಿಟ್ ಸುಳ್ಳು ಹೇಳ್ತಿಲ್ಲ, ಮನೆಪೆದವೂ ಸುಳ್ಳಲ್ಲ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಕೊಡಗಿನ ಮುಸ್ಲಿಮರಾದ ಕೊಡವ ಮಾಪಿಳ್ಳೆಗಳ ಮನೆಹೆಸರು ಕೇಳಿದ್ದೀರಾ? ಅದೇ ಅಚ್ಚು. ಹೆಗ್ಗಡೆ, ಐರಿ, ಕೋಯವ ಹೀಗೆ ಕೊಡವ ತಕ್ಕ್ ಆಡೋ ಎಷ್ಟೋ ಸಮುದಾಯಗಳಲ್ಲೂ ಹಾಗೇ. ಅರೆಭಾಷೆ ಗೌಡರಲ್ಲಿ ಮನೆಹೆಸರು ಬೇರೆ, ಬಳಿ (ಗೋತ್ರ) ಬೇರೆ, "ಹತ್ತು ಕುಟುಂಬ ಹದಿನೆಂಟು ಗೋತ್ರ" ಅಂತ ಅವರ ಲೆಕ್ಕ, ಮದುವೆಗೆ ನೋಡೋದು ಬಳಿ. ಬ್ರಿಟಿಷರ ವಿರುದ್ಧ ಎದ್ದು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಲ್ಲೇ ನೋಡಿ, ಮುಂದೆ ನಿಂತಿರೋದು ಮನೆ.

ದಾಖಲೆ ಬಗ್ಗೆ ಒಂದು ಮಾತು. ಕೊಡಗಿನ ರಾಜ ಲಿಂಗರಾಜನ ಕಾಲದ (1811–1820) ಶಿಸ್ತು ಲೆಕ್ಕದಲ್ಲಿ ನಮ್ಮ ಹೆಸರು ಉಂಟಾ ಅಂತ ಎಲ್ಲರಿಗೂ ಆಸೆ. ಇರಬಹುದು. ಆದ್ರೆ ಅದು ಕಂದಾಯಕ್ಕೆ ಬರೆದದ್ದು, ಯಾರ ಹೆಸರಲ್ಲಿ ಜಮೀನು, ಎಷ್ಟು ಕಟ್ಟಬೇಕು ಅನ್ನೋದು ಅದರ ಚಿಂತೆ, ನಿಮ್ಮ ಅಜ್ಜಿಯ ಅಜ್ಜಿಯ ಹೆಸರು ಅದಕ್ಕೆ ಯಾಕೆ ಬೇಕು. ಆಮೇಲೆ ಶಾಲೆ ದಾಖಲಾತಿ, ಅಲ್ಲಿ ಮೇಷ್ಟ್ರು ಮನೆಪೆದವನ್ನ ಒಂದು ಇನಿಶಿಯಲ್ ಮಾಡಿ ಕೈತೊಳ್ಕೊಂಡಿರ್ತಾರೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ, ಇಬ್ಬರ "ಕೆ"ಯೂ ಕೊಡಂದೇರ, ಸರಿ, ಆದ್ರೆ ಕಂಡಕಂಡ "ಕೆ" ಎಲ್ಲಾ ಕೊಡಂದೇರ ಆಗಲ್ಲ. ಹಾಗೆ ಅಂದ್ಕೊಂಡು ಎರಡು ತಿಂಗಳು ಬೇರೆಯವರ ಅಜ್ಜನ ಹಿಂದೆ ಅಲೆದವರು ಇದ್ದಾರೆ. ಅದರಲ್ಲಿ ನಾನೂ ಒಬ್ಬ, ಕೆಲಸ ಶುರು ಮಾಡಿದ ಹೊಸತರಲ್ಲಿ. ಇನ್ನೊಂದು, ನಾನು ವಕೀಲ ಅಲ್ಲ. ನಾನು ಬರೆದ ವಂಶವೃಕ್ಷ ತಗೊಂಡು ಬಾಣೆ ಜಮೀನಿನ ಪಾಲಿಗೆ ಕೋರ್ಟಿಗೆ ಹೋಗಬೇಡಿ, ಕೋವಿ ಲೈಸೆನ್ಸ್ ವಿನಾಯಿತಿ ಪತ್ರಕ್ಕೂ ಅದು ಸಾಕಾಗಲ್ಲ.

ಎರಡು ವರ್ಷ ಆಯ್ತು, ಒಬ್ಬ ಹುಡುಗನ ಜೊತೆ ನಾಪೋಕ್ಲು ಕಡೆ ಒಂದು ಮನೆಗೆ ಹೋಗಿದ್ದೆ. ಹುಡುಗನಿಗೆ ಹಾಕಿ ಹುಚ್ಚು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕ ಸೇರಿಸಿ ಟೂರ್ನಮೆಂಟ್ ಶುರು ಮಾಡಿದ್ರಲ್ಲ, ಆಮೇಲೆ ಹುಟ್ಟಿದ ಮಕ್ಕಳಿಗೆ ಮನೆಪೆದ ಅಂದ್ರೆ ಮೊದಲು ಜೆರ್ಸಿ ನೆನಪಾಗುತ್ತೆ. ಮಳೆ ಜೋರು, ಕರೆಂಟಿಲ್ಲ. ಅವನ ಅಜ್ಜನ ತಂಗಿ, ಎಂಬತ್ತು ದಾಟಿದ ಅಜ್ಜಿ, ಒಲೆ ಹತ್ರ ಕೂತು ಮೊರದಲ್ಲಿ ಒಳ್ಳೆಮೆಣಸು ಕೇರ್ತಾ ಇದ್ರು. ಹುಡುಗ ಲ್ಯಾಪ್‌ಟಾಪ್ ತೆಗೆದು ವಂಶವೃಕ್ಷದ ಚಿತ್ರ ತೋರಿಸಿದ. ಅಜ್ಜಿ ಕನ್ನಡಕ ಹಾಕ್ಕೊಂಡು ನೋಡಿ, ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಇವ ಈ ಮನೆಯಲ್ಲಿ ಹುಟ್ಟಿದವ ಅಲ್ಲ ಮೋನೆ, ಹೊಳೆ ಆಚೆಯಿಂದ ಬಂದವ" ಅಂದ್ರು. ಹುಡುಗನ ಮುಖ ಬಿತ್ತು. ಸ್ವಲ್ಪ ಹೊತ್ತು ಬಿಟ್ಟು, ಹಾಗಾದ್ರೆ ಈ ಹೆಸರು ಹಾಕ್ಕೊಳ್ಳೋದು ಸರಿಯಾ ಅಂತ ಕೇಳಿಯೇಬಿಟ್ಟ. ಅಜ್ಜಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ಎರಡು ಸಲ ಕೇಳಿಸ್ಕೊಂಡು, "ಮತ್ತೆ ಇನ್ಯಾವ ಹೆಸರು ಹಾಕ್ತಿಯಾ?" ಅಂದ್ರು, ಮೆಣಸಿನ ಕಡ್ಡಿ ಆರಿಸೋಕೆ ಶುರು ಮಾಡಿದ್ರು.

ದಾರಿ ಪೂರ್ತಿ ಅವ ಮಾತಾಡಲಿಲ್ಲ. ಮೊನ್ನೆ ಸುಗ್ಗಿ ಹಬ್ಬ ಪುತ್ತರಿಗೆ ಫೋನ್ ಮಾಡಿದ್ದ, ಹೊಳೆ ಆಚೆ ಮನೆಯವರ ನಂಬರ್ ಸಿಗುತ್ತಾ ಅಂತ. ಕೊಡ್ತೀನಿ, ಮೊದಲು ಅಜ್ಜಿ ಹೇಳಿದ್ದನ್ನ ಬರ್ಕೊಂಡೆಯಾ ಅಂದೆ. ಇಲ್ಲ ಅಂದ. ಅಜ್ಜಿ ಈಗಲೂ ಇದ್ದಾರೆ, ಕಿವಿ ಸ್ವಲ್ಪ ಮಂದ ಆಗಿದೆ ಅಷ್ಟೇ, ಭಾನುವಾರ ಹೋಗು ಅಂತ ಹೇಳಿ ಇಟ್ಟೆ.