ಚಾರ್ಜ್: ಯಾರ ಮೇಲೆ ಯಾವ ಹೊರೆ?

‘ಶೀ ವಾಸ್ ಚಾರ್ಜ್ಡ್ ವಿತ್ ಕಂಡಕ್ಟಿಂಗ್ ದಿ ಎಲೆಕ್ಷನ್’ ಎಂಬ ಸಾಲು ಅವಸರದ ಅನುವಾದದಲ್ಲಿ ‘ಚುನಾವಣೆ ನಡೆಸಿದ ಆರೋಪ ಆಕೆಯ ಮೇಲಿದೆ’ ಎಂದಾಗುವುದುಂಟು. ಮೂಲದಲ್ಲಿರುವುದು ‘ಚುನಾವಣೆ ನಡೆಸುವ ಹೊಣೆಯನ್ನು ಆಕೆಗೆ ವಹಿಸಲಾಗಿತ್ತು’ ಎಂಬ ಮಾತು. ಪಾಪ, ಕೆಲಸ ಹೊತ್ತ ಅಧಿಕಾರಿಯನ್ನು ಒಂದೇ ಪದ ಕಟಕಟೆ ಹತ್ತಿಸಿಬಿಟ್ಟಿತು.

ಚಾರ್ಜ್ ನಮಗೆ ಹೊಸ ಪದವಲ್ಲ. ಮೊಬೈಲಿಗೆ ಚಾರ್ಜ್, ಬಸ್ಸಿಗೆ ಚಾರ್ಜ್, ಪೊಲೀಸರ ಚಾರ್ಜ್‌ಶೀಟ್, ಗಲಾಟೆಯಾದರೆ ಲಾಠಿ ಚಾರ್ಜ್, ವರ್ಗವಾಗಿ ಬಂದ ತಹಶೀಲ್ದಾರರು ತೆಗೆದುಕೊಳ್ಳುವ ಚಾರ್ಜ್. ಇಷ್ಟು ಬಗೆಯ ಅರ್ಥಗಳಿಗೆ ಒಂದೇ ಬೇರು ಇದೆ. ಲ್ಯಾಟಿನ್ನಿನಲ್ಲಿ ‘ಕಾರಸ್’ ಎಂದರೆ ಬಂಡಿ. ಅದರಿಂದ ಬಂದ ಕ್ರಿಯಾಪದಕ್ಕೆ ಬಂಡಿಗೆ ಹೇರು ಎಂಬ ಅರ್ಥ. ಅದು ಹಳೆಯ ಫ್ರೆಂಚಿನಲ್ಲಿ ರೂಪ ಬದಲಿಸಿಕೊಂಡು ಇಂಗ್ಲಿಷಿಗೆ ಬಂತು. ನಮ್ಮ ಮನೆ ಮುಂದೆ ನಿಲ್ಲುವ ಕಾರು, ಹಡಗಿನ ಕಾರ್ಗೊ, ಮೂಗನ್ನೋ ಗಲ್ಲವನ್ನೋ ಅತಿಯಾಗಿ ಹೇರಿ ಬರೆಯುವ ಕ್ಯಾರಿಕೇಚರ್ ಎಲ್ಲವೂ ಇದರ ದಾಯಾದಿಗಳೇ. ಆದ್ದರಿಂದ ಈ ಪದ ಎದುರಾದಾಗ ಮೊದಲು ಕೇಳಿಕೊಳ್ಳಬೇಕಾದ್ದು: ಇಲ್ಲಿ ಯಾರ ಮೇಲೆ ಏನನ್ನು ಹೇರಲಾಗಿದೆ? ಉತ್ತರ ಸಿಕ್ಕರೆ ಕನ್ನಡದ ಪದವೂ ಬಹುತೇಕ ಸಿಕ್ಕಂತೆ. ಹೊರಿಸು, ಹೊರೆ, ಹೊಣೆ, ಭಾರ ಎಂಬ ಮಾತುಗಳು ನಮ್ಮಲ್ಲೂ ಹೀಗೇ ಊರೆಲ್ಲ ಸುತ್ತಿ ಬಂದಿವೆ. ತಪ್ಪನ್ನು ಹೊರಿಸುತ್ತೇವೆ, ಜವಾಬ್ದಾರಿಯನ್ನೂ ಹೊರಿಸುತ್ತೇವೆ.

‘ಚಾರ್ಜ್ಡ್ ವಿತ್’ ಬಂದಾಗ ‘ವಿತ್’ ಆದಮೇಲೆ ಏನಿದೆ ನೋಡಿ. ಕಳವು, ಕೊಲೆ, ವಂಚನೆಯಂಥ ಅಪರಾಧದ ಹೆಸರಿದ್ದರೆ ಅದು ಆರೋಪ. ಕಾನೂನುಬದ್ಧವಾದ ಒಂದು ಕೆಲಸ ಇದ್ದರೆ ಹೊಣೆ. ವಿದ್ಯುತ್ತೋ ಭಾವನೆಯೋ ಇದ್ದರೆ ತುಂಬಿದ, ಭರಿತ. ‘ವಿತ್’ ಇಲ್ಲದೆ ನೇರವಾಗಿ ಮೊತ್ತ ಬಂದರೆ ಹಣ: ‘ಹೀ ವಾಸ್ ಚಾರ್ಜ್ಡ್ 500 ರುಪೀಸ್’ ಎಂದರೆ ಅವನಿಂದ 500 ರೂಪಾಯಿ ತೆಗೆದುಕೊಂಡರು. ‘ಚಾರ್ಜ್ ಟು’ ಎಂದಿದ್ದರೆ ಇಂಥವರ ಲೆಕ್ಕಕ್ಕೆ ಬರೆದುಕೊಳ್ಳಿ ಎಂದರ್ಥ. ‘ಚಾರ್ಜ್ ಅಟ್’ ಎಂದರೆ ಮೇಲೆ ನುಗ್ಗುವುದು. ಇನ್ನು ‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದ ಚಾರ್ಜ್ ಆಫ್’ ನಡುವೆ ಇರುವುದು ‘ದ’ ಒಂದೇ, ಆದರೆ ಅರ್ಥ ತಿರುಗುಮುರುಗು. ನರ್ಸ್ ಮಗುವಿನ ‘ಇನ್ ಚಾರ್ಜ್’; ಮಗು ನರ್ಸಿನ ‘ಇನ್ ದ ಚಾರ್ಜ್’. ಮೊದಲನೆಯದು ನೋಡಿಕೊಳ್ಳುವವರದು, ಎರಡನೆಯದು ಸುಪರ್ದಿನಲ್ಲಿರುವವರದು.

ಕೋರ್ಟಿನ ಸುದ್ದಿಯಲ್ಲಿ ಆಗುವ ತಪ್ಪು ಇದಕ್ಕಿಂತ ದುಬಾರಿ. ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಕೊಡುವುದು ಚಾರ್ಜ್‌ಶೀಟ್. ಕನ್ನಡದಲ್ಲಿ ಆರೋಪಪಟ್ಟಿ ಅಥವಾ ದೋಷಾರೋಪ ಪಟ್ಟಿ. ಕಾನೂನಿನ ಪಠ್ಯದಲ್ಲಿ ಅದರ ಹೆಸರು ಪೊಲೀಸ್ ವರದಿ: ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 173ನೇ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193ನೇ ಕಲಂ. ಆರೋಪಿ ಬಂಧನದಲ್ಲಿದ್ದು, ಅಪರಾಧದ ಗಾತ್ರಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಇದು ಸಲ್ಲಿಕೆಯಾಗದಿದ್ದರೆ, ಜಾಮೀನು ಪಡೆಯುವುದು ಅವನ ಹಕ್ಕಾಗುತ್ತದೆ. ಇದಿಷ್ಟೂ ಪೊಲೀಸರ ಹಂತ.

ಆಮೇಲೆ ಬರುವುದು ‘ಫ್ರೇಮಿಂಗ್ ಆಫ್ ಚಾರ್ಜಸ್’. ಇದನ್ನು ಮಾಡುವವರು ನ್ಯಾಯಾಧೀಶರು. ಪೊಲೀಸರು ಪಟ್ಟಿ ಮಾಡಿದ ಕಲಂಗಳಲ್ಲಿ ವಿಚಾರಣೆಗೆ ಆಧಾರವಿರುವುದು ಯಾವುದಕ್ಕೆ ಎಂದು ನೋಡಿ, ಅಷ್ಟನ್ನು ಬರವಣಿಗೆಯಲ್ಲಿ ಗೊತ್ತುಮಾಡುತ್ತಾರೆ. ಕನ್ನಡದಲ್ಲಿ ಆರೋಪ ನಿಗದಿ ಅಥವಾ ದೋಷಾರೋಪ ನಿಗದಿ. ಈ ಬರಹ ನ್ಯಾಯಾಲಯದ ಭಾಷೆಯಲ್ಲೇ ಇರಬೇಕು, ಆರೋಪಿಗೆ ಓದಿ ವಿವರಿಸಬೇಕು, ತಪ್ಪೊಪ್ಪಿಕೊಳ್ಳುವೆಯಾ ಎಂದು ಕೇಳಬೇಕು ಎಂದು ಕಾನೂನೇ ಹೇಳುತ್ತದೆ. ಕನ್ನಡ ಪದ ಸರಿಯಾಗಿರಬೇಕಾದ ಜಾಗ ಇದಕ್ಕಿಂತ ಬೇರೆ ಇಲ್ಲ. ಆದರೂ ‘ಚಾರ್ಜಸ್ ಫ್ರೇಮ್ಡ್’ ಎಂದು ಬಂದದ್ದು ಕೆಲವೊಮ್ಮೆ ‘ಆರೋಪಪಟ್ಟಿ ಸಲ್ಲಿಕೆ’ ಎಂದಾಗುತ್ತದೆ, ಇನ್ನೂ ಕೆಟ್ಟದ್ದೆಂದರೆ ‘ಆರೋಪ ಸಾಬೀತು’ ಎಂದಾಗುತ್ತದೆ. ಸಾಕ್ಷಿಗಳ ವಿಚಾರಣೆ ಶುರುವಾಗುವುದೇ ನಿಗದಿಯ ನಂತರ, ಸಾಬೀತು ಅದರ ಎಷ್ಟೋ ಆಚೆ. ಹಾಗೆಯೇ ‘ಹೀ ವಾಸ್ ಫ್ರೇಮ್ಡ್’ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಅವನನ್ನು ಸುಳ್ಳು ಕೇಸಿನಲ್ಲಿ ಸಿಕ್ಕಿಸಲಾಗಿದೆ.

ಇನ್ನೊಂದು ಸೂಕ್ಷ್ಮ. ಇಂಗ್ಲಿಷಿನಲ್ಲಿ ‘ಅಕ್ಯೂಸ್’ ಮಾಡಲು ಎಲ್ಲರಿಗೂ ಬಾಯಿ ಇದೆ, ‘ಚಾರ್ಜ್’ ಮಾಡಲು ಸಾಮಾನ್ಯವಾಗಿ ಅಧಿಕಾರ ಬೇಕು. ಕನ್ನಡದ ‘ಆರೋಪ’ ಎರಡಕ್ಕೂ ಬಳಕೆಯಲ್ಲಿರುವುದರಿಂದ ಪತ್ರಿಕಾಗೋಷ್ಠಿಯ ಮಾತೂ ನ್ಯಾಯಾಲಯದ ಕ್ರಮವೂ ಓದುಗರಿಗೆ ಒಂದೇ ಆಗಿ ಕಾಣುತ್ತವೆ. ಬಾಯಿಮಾತಿನದಕ್ಕೆ ಆಪಾದನೆ, ಕಾನೂನು ಕ್ರಮಕ್ಕೆ ದೋಷಾರೋಪ ಎಂದು ಬೇರೆಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಚೇರಿಗೆ ಬಂದರೆ ಪದ ‘ಪ್ರಭಾರ’. ಕಾಯಂ ಅಧಿಕಾರಿ ಇಲ್ಲದ ಹುದ್ದೆಯನ್ನು ಬೇರೊಬ್ಬರು ನೋಡಿಕೊಂಡರೆ ಅವರು ಪ್ರಭಾರ ಮುಖ್ಯೋಪಾಧ್ಯಾಯರು, ಪ್ರಭಾರ ಕುಲಪತಿ. ತನ್ನ ಹುದ್ದೆಯ ಜೊತೆಗೆ ಮತ್ತೊಂದನ್ನೂ ಹೊತ್ತರೆ ಅಧಿಕ ಪ್ರಭಾರ. ಈ ಪದಕ್ಕೆ ತಾತ್ಕಾಲಿಕ ಎಂಬ ವಾಸನೆ ಅಂಟಿಕೊಂಡಿದೆ ಎಂಬುದನ್ನು ಮರೆಯಬಾರದು. ಜಿಲ್ಲೆಗೆ ನೇಮಕವಾದ ‘ಇನ್‌ಚಾರ್ಜ್ ಮಿನಿಸ್ಟರ್’ ಪ್ರಭಾರ ಸಚಿವರಲ್ಲ, ಉಸ್ತುವಾರಿ ಸಚಿವರು. ಖಾತೆ ಅವರದು ಬೇರೆಯೇ ಇರುತ್ತದೆ. ಜಿಲ್ಲೆಯ ಆಗುಹೋಗು ನೋಡುವುದು ಅವರ ಪಾಲಿನ ಕೆಲಸ. ಆಯವ್ಯಯದ ಕಡತಗಳಲ್ಲಿ ಇದೇ ಕುಲದ ಇನ್ನೊಂದು ಪದವಿದೆ: ಪ್ರಭೃತ ವೆಚ್ಚ, ಅಂದರೆ ‘ಚಾರ್ಜ್ಡ್ ಎಕ್ಸ್‌ಪೆಂಡಿಚರ್’. ರಾಜ್ಯಪಾಲರ ಸಂಬಳ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸರ್ಕಾರದ ಸಾಲದ ಬಡ್ಡಿ ಮುಂತಾದವನ್ನು ಸಂವಿಧಾನದ 202ನೇ ಅನುಚ್ಛೇದ ನೇರವಾಗಿ ರಾಜ್ಯದ ಸಂಚಿತ ನಿಧಿಯ ಮೇಲೆ ಹೊರಿಸಿದೆ. ವಿಧಾನಸಭೆ ಅದನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಇದನ್ನು ‘ವಿಧಿಸಿದ ವೆಚ್ಚ’ ಎಂದು ಬರೆದರೆ ಯಾರಿಗೋ ದಂಡ ಹಾಕಿದಂತೆ ಕೇಳಿಸುತ್ತದೆ.

ಆಸ್ತಿಯ ಮೇಲಿನ ಚಾರ್ಜ್ ಮಾತ್ರ ಬೇರೆಯದೇ ಎಚ್ಚರ ಬೇಡುತ್ತದೆ. 1882ರ ಆಸ್ತಿ ವರ್ಗಾವಣೆ ಅಧಿನಿಯಮದ 100ನೇ ಕಲಂ ಪ್ರಕಾರ, ಒಬ್ಬರ ಸ್ಥಿರಾಸ್ತಿ ಮತ್ತೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಅದು ಅಡಮಾನದ ಮಟ್ಟಕ್ಕೆ ಹೋಗದಿದ್ದರೆ ಚಾರ್ಜ್. ಅಡಮಾನದಲ್ಲಿ ಆಸ್ತಿಯ ಮೇಲಿನ ಹಕ್ಕಿನ ಒಂದು ಪಾಲೇ ಸಾಲ ಕೊಟ್ಟವರಿಗೆ ವರ್ಗವಾಗುತ್ತದೆ, ಚಾರ್ಜ್‌ನಲ್ಲಿ ಹಾಗಾಗುವುದಿಲ್ಲ. ಉದಾಹರಣೆಗೆ, ಸೈಟಿನ ಕ್ರಯಪತ್ರ ನೋಂದಣಿಯಾಗಿ ಮಾಲೀಕತ್ವ ಕೈಬದಲಾಗಿದೆ, ಆದರೆ ಇನ್ನೂ 2 ಲಕ್ಷ ರೂಪಾಯಿ ಬಾಕಿ. ಬೇರೆ ಒಪ್ಪಂದವಿಲ್ಲದಿದ್ದರೆ ಆ ಬಾಕಿಗಾಗಿ ಮಾರಿದವರಿಗೆ ಆ ಸೈಟಿನ ಮೇಲೆ ಚಾರ್ಜ್ ಇರುತ್ತದೆ. ಇದನ್ನು ‘ಅಡಮಾನ’ ಎಂದು ಅನುವಾದಿಸಿದರೆ ದಸ್ತಾವೇಜಿನ ಅರ್ಥವೇ ಕೆಡುತ್ತದೆ. ‘ಋಣಭಾರ’ ಸರಿಹೊಂದುತ್ತದೆ, ಆದರೆ ಅಡಮಾನವನ್ನೂ ಅದರೊಳಗೆ ಸೇರಿಸಿಕೊಳ್ಳುವಷ್ಟು ಅಗಲದ ಪದ ಅದು. ಹಾಗಾಗಿ ಕರಡಿನಲ್ಲಿ 100ನೇ ಕಲಂ ಎಂದು ಜೊತೆಗೆ ಬರೆದುಬಿಡಬೇಕು.

ರೈತರ ಬಾಯಲ್ಲಿ ಇದಕ್ಕೆ ಬೋಜಾ ಎಂಬ ಪದವಿದೆ. ಹೊರೆ ಎಂದೇ ಅದರ ಅರ್ಥ. ಬ್ಯಾಂಕಿನವರು ‘ಚಾರ್ಜ್ ಕ್ರಿಯೇಟ್’ ಮಾಡಿದರೆ ಪಹಣಿಯ 11ನೇ ಕಾಲಂನಲ್ಲಿ ಬೋಜಾ ಕೂರುತ್ತದೆ. ಸಾಲ ತೀರಿದ ಮಾತ್ರಕ್ಕೆ ಅದು ತಾನಾಗಿ ಇಳಿಯುತ್ತದೆಂದು ನಂಬಿ ಕೂರುವಂತಿಲ್ಲ. ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು, ಬೋಜಾ ತೆಗೆಸಿ, ಹೊಸ ಪಹಣಿ ಕೈಗೆ ತೆಗೆದುಕೊಂಡು ಆ ಕಾಲಂ ಖಾಲಿಯಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಮಗಳ ಮದುವೆಗೋ ಓದಿಗೋ ಮತ್ತೆ ಸಾಲ ಕೇಳಲು ಹೋದಾಗ ತೀರಿದ ಸಾಲವೇ ಅಡ್ಡ ನಿಲ್ಲುತ್ತದೆ.

ಹೇರಿದ್ದನ್ನು ಇಳಿಸುವುದು ‘ಡಿಸ್‌ಚಾರ್ಜ್’. ಆಸ್ಪತ್ರೆಯಿಂದ ಬಿಡುಗಡೆ, ಸಾಲದ ತೀರುವಳಿ, ಗಾಯದಿಂದ ಕೀವು, ದೇಹದಿಂದ ಸ್ರಾವ, ಅಣೆಕಟ್ಟೆಯಿಂದ ಹೊರಹರಿವು. ನ್ಯಾಯಾಲಯದಲ್ಲಿ ಮಾತ್ರ ಹುಷಾರು: ಆರೋಪ ನಿಗದಿಗೂ ಮೊದಲೇ, ವಿಚಾರಣೆಗೆ ಆಧಾರವಿಲ್ಲವೆಂದು ಬಿಡುವುದು ಡಿಸ್‌ಚಾರ್ಜ್. ವಿಚಾರಣೆ ನಡೆದು ನಿರ್ದೋಷಿಯೆಂದು ತೀರ್ಪಾದರೆ ‘ಅಕ್ವಿಟಲ್’, ಅಂದರೆ ಖುಲಾಸೆ. ಎರಡಕ್ಕೂ ಖುಲಾಸೆ ಎನ್ನುವುದು ತಪ್ಪು.

ವಿಜ್ಞಾನದ ಪಾಠದಲ್ಲಿ ಚಾರ್ಜ್ ಎಂದರೆ ವಿದ್ಯುದಾವೇಶ. ಇಲ್ಲಿ ಕನ್ನಡ ಚಿತ್ರವನ್ನೇ ಬದಲಿಸಿದೆ. ಆವೇಶ ಮೇಲೆ ಹೇರಿದ್ದಲ್ಲ, ಒಳಹೊಕ್ಕದ್ದು. ಧನಾವೇಶ, ಋಣಾವೇಶ ಎಂದು ಮಕ್ಕಳ ನಾಲಿಗೆಗೆ ಸಲೀಸಾಗಿ ಹತ್ತಿರುವ ಪದಗಳಿವು. ಆದರೆ ‘ಮೊಬೈಲ್ ಚಾರ್ಜ್ ಮಾಡು’ ಎಂಬುದನ್ನು ಆವೇಶಕ್ಕೆ ತಿರುಗಿಸುವುದು ಬರಿಯ ಗಡಸುತನವಲ್ಲ, ವಿಜ್ಞಾನಕ್ಕೇ ದೂರ. 5000 ಮಿಲಿಆಂಪಿಯರ್-ಅವರ್ ಬ್ಯಾಟರಿಯ ಮೂಲಕ 18,000 ಕೂಲಂಬ್ (ಕೂಲಂಬ್ ಎಂದರೆ ಆವೇಶದ ಅಳತೆ) ಹರಿದರೂ ಅದರಲ್ಲಿ ಆವೇಶ ಕೂಡಿಬಿದ್ದಿರುವುದಿಲ್ಲ. ಒಂದು ಕಡೆಯಿಂದ ಹೊಕ್ಕಷ್ಟೇ ಇನ್ನೊಂದು ಕಡೆಯಿಂದ ಹೊರಟಿರುತ್ತದೆ. ಒಳಗೆ ಉಳಿಯುವುದು ರಾಸಾಯನಿಕ ಶಕ್ತಿ. ಚಾರ್ಜ್ ಮಾಡು ಎಂದೇ ಬಿಡಿ, ಅದು ಕನ್ನಡವೇ ಆಗಿದೆ. ಅಂತರ್ಜಲದ ‘ರೀಚಾರ್ಜ್’ಗೆ ಮಾತ್ರ ಸೊಗಸಾದ ಪದ ಚಾಲ್ತಿಯಲ್ಲಿದೆ: ಮರುಪೂರಣ. ಕೊಳವೆಬಾವಿ ಮರುಪೂರಣ ಎಂದರೆ ಕೆಲಸವೇ ಕಣ್ಣಮುಂದೆ ಬರುತ್ತದೆ.

ಹಣದ ಅರ್ಥದಲ್ಲಿ ಒಂದು ಎಚ್ಚರ ಇಂಗ್ಲಿಷ್ ಬರೆಯುವವರಿಗೆ. ನಮ್ಮ ‘ಬಸ್ ಚಾರ್ಜ್’ ಇಂಗ್ಲಿಷಿನಲ್ಲಿ ‘ಫೇರ್’. ವಕೀಲರದು, ವೈದ್ಯರದು ‘ಫೀ’, ಸಾಮಾನಿನದು ‘ಪ್ರೈಸ್’. ಕನ್ನಡಕ್ಕೆ ತರುವಾಗ ಇನ್ನೂ ನುಣುಪಾದ ಆಯ್ಕೆಗಳಿವೆ: ಒಡವೆಯ ‘ಮೇಕಿಂಗ್ ಚಾರ್ಜ್’ ಮಜೂರಿ, ಕರೆಂಟ್ ಬಿಲ್ಲಿನ ‘ಫಿಕ್ಸೆಡ್ ಚಾರ್ಜ್’ ನಿಗದಿತ ಶುಲ್ಕ, ಮೂಟೆ ಇಳಿಸಿದ್ದಕ್ಕೆ ಕೊಡುವುದು ಹಮಾಲಿ.

ಉಳಿದದ್ದು ದಾಳಿ. ಆಯುಧವನ್ನು ಹೂಡಿ ಸಜ್ಜುಮಾಡುವುದರಿಂದ ಅದನ್ನು ಹಿಡಿದು ನುಗ್ಗುವುದಕ್ಕೆ ಅರ್ಥ ಜಾರಿದೆ. ಲಾಠಿ ಚಾರ್ಜ್‌ಗೆ ಲಾಠಿ ಪ್ರಹಾರ ರೂಢಿಯಲ್ಲಿದೆ. ಕಾಡಿನ ಬರಹದಲ್ಲಿ ‘ಮಾಕ್ ಚಾರ್ಜ್’ ಬಂದರೆ ಹುಸಿ ದಾಳಿ ಎನ್ನಿ: ಆನೆ ಅಬ್ಬರಿಸಿ ಮುನ್ನುಗ್ಗಿ, ಮುಟ್ಟದೆ ನಡುವೆಯೇ ನಿಲ್ಲುತ್ತದೆ. ಅಲ್ಲಿ ‘ಆನೆ ದಾಳಿ ಮಾಡಿತು’ ಎಂದು ಬರೆದರೆ ಓದುಗರು ಗಾಯಾಳುವನ್ನು ಹುಡುಕುತ್ತಾರೆ.